ಐದನೇ ವೋಲ್ಟು

ಪರೀಕ್ಷೆಯ ದಿನ ಸ್ವರ ಅಳೆಯುವ ಮೀಟರುಗಳೆಲ್ಲ ಬೀರುವಿನೊಳಗೆ ಹೋಗಬೇಕು. ಬೀಗ ಹಾಕುವುದು ಮೇಷ್ಟ್ರ ಮಗಳ ಕೆಲಸ. ‘ಮೀಟರ್ ನೋಡಿ ಶ್ರುತಿ ಕೂರಿಸೋನೂ, ರಿಪೋರ್ಟ್ ಬಂದ ಮೇಲೆ ಕೆಮ್ಮೋನೂ ಇಬ್ಬರೂ ಒಂದೇ’ ಎಂದು ಮೇಷ್ಟ್ರು ಪ್ರತಿ ವರ್ಷ ಹೇಳುತ್ತಿದ್ದರು. ನಗದಿದ್ದರೆ ಅಂಕ ಹೋದೀತೆಂದು ವಿದ್ಯಾರ್ಥಿಗಳು ಪ್ರತಿ ವರ್ಷ ನಗುತ್ತಿದ್ದರು.

ಅದು ಸಿಂಥಸೈಜರ್ ಕಟ್ಟಲು ಕಲಿಸುವ ತರಗತಿ. ಅಂಗಡಿಯಲ್ಲಿ ಸಿಗುವ ಇಡೀ ವಾದ್ಯವಲ್ಲ, ಬಿಡಿಬಿಡಿ ಪೆಟ್ಟಿಗೆಗಳು. ಒಂದು ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ. ಕೇಬಲ್ ಚುಚ್ಚಿ ಹೇಗೆ ಬೇಕಾದರೂ ಜೋಡಿಸಿಕೊಳ್ಳಬಹುದು. ಸರ್ಕ್ಯೂಟನ್ನು ವಿದ್ಯಾರ್ಥಿಗಳೇ ಬರೆದು, ತಾವೇ ಬೆಸುಗೆ ಹಾಕಬೇಕು. ಸ್ವರದ ಪೆಟ್ಟಿಗೆ ಪಾಸಾಗಬೇಕಾದರೆ ಒಂದೇ ಒಂದು ನಿಯಮ: ಒಂದು ವೋಲ್ಟ್ ಹೆಚ್ಚು ಕೊಟ್ಟರೆ ಸ್ವರ ಒಂದು ಸ್ಥಾಯಿ ಮೇಲೇರಬೇಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಬಾರದು. ಮೇಷ್ಟ್ರು ತಮ್ಮ ಹಳೆಯ ಪೆಟ್ಟಿಗೆಯನ್ನೂ ವಿದ್ಯಾರ್ಥಿಯದನ್ನೂ ಒಂದೇ ಸ್ಪೀಕರಿಗೆ ಕೊಟ್ಟು, ಕಣ್ಣು ಅರ್ಧ ಮುಚ್ಚಿ, ವಿದ್ಯಾರ್ಥಿಯ ಸರ್ಕ್ಯೂಟ್ ಬೋರ್ಡಿನ ಮೇಲಿನ ಪುಟ್ಟ ಸ್ಕ್ರೂ ತಿರುಗಿಸುವರು. ಎರಡೂ ಕೂಡದಿದ್ದರೆ ನಡುವೆ ವ್ವ-ವ್ವ-ವ್ವ ಎಂದು ಅಲೆ ಕೇಳುತ್ತದೆ. ಕೂಡಿದರೆ ಅಲೆ ನಿಲ್ಲುತ್ತದೆ. ಐದನೇ ವೋಲ್ಟಿನಲ್ಲೂ ನಿಂತರೆ ಪಾಸು. ನಿಲ್ಲದಿದ್ದರೆ ‘ಹೆಣ’ ಎಂದು ಬೋರ್ಡನ್ನು ಕಸದ ಡಬ್ಬಿಗೆ ಎಸೆಯುವರು. ನಾಲ್ಕು ತಿಂಗಳ ಕೆಲಸ ಡಬ್ಬಿಯ ತಳದಲ್ಲಿ ಟಣ್ಣೆನ್ನುತ್ತಿತ್ತು.

ಕಣ್ಣು ಅರ್ಧ ಮಾತ್ರ ಮುಚ್ಚುವುದಕ್ಕೆ ಕಾರಣವಿತ್ತು, ಅದು ಮಗಳೊಬ್ಬಳಿಗೇ ಗೊತ್ತು. ಮೇಷ್ಟ್ರಿಗೆ ಎರಡು ವರ್ಷದಿಂದ ಮೇಲಿನ ಸ್ವರ ಕೇಳುತ್ತಲೇ ಇರಲಿಲ್ಲ, ಉಳಿದ ಸದ್ದೂ ಮಸುಕಾಗಿತ್ತು. ಕೆಳಗಿನ ಸ್ವರಗಳನ್ನು ಸ್ಪೀಕರಿನ ಮೇಲೆ ಅಂಗೈಯಿಟ್ಟು ಹಿಡಿಯುತ್ತಿದ್ದರು. ಎದುರಿಗಿದ್ದವರ ಮಾತನ್ನು ತುಟಿ ನೋಡಿ ಅಂದಾಜು ಮಾಡುತ್ತಿದ್ದರು. ನಾಲ್ಕು, ಐದನೇ ವೋಲ್ಟು ಬಂದಾಗ ಮಾತ್ರ ಅವರಿಗೆ ಯಾವ ಆಸರೆಯೂ ಇರಲಿಲ್ಲ. ಹಾಗೆ ಸಿಕ್ಕಿಕೊಂಡ ಮೊದಲ ಸಲ ಅವರು ಸುಮ್ಮನೆ ಮಗಳತ್ತ ನೋಡಿದ್ದರು. ಪಕ್ಕದ ಬಿಡಿಭಾಗಗಳ ಸ್ಟೋರಿನ ಬಾಗಿಲಲ್ಲಿ ನಿಂತಿದ್ದ ಅವಳ ತೋರುಬೆರಳು ತಾನಾಗಿಯೇ ಮೇಲೆದ್ದಿತ್ತು: ಸ್ವರ ಮೇಲಿದೆ. ಆಮೇಲೆ ಕೆಳಗಿಳಿದಿತ್ತು: ಈಗ ಕೆಳಗಿದೆ. ಆಮೇಲೆ ಮುಷ್ಟಿ: ಕೂಡಿತು. ಈ ವಿಷಯ ಅಪ್ಪ-ಮಗಳ ನಡುವೆ ಅಂದೂ ಬಾಯಿಗೆ ಬರಲಿಲ್ಲ, ಮುಂದೆಯೂ ಬರಲಿಲ್ಲ. ಅವರು ಥ್ಯಾಂಕ್ಸ್ ಅನ್ನಲಿಲ್ಲ, ಅವಳು ಕೇಳಲೂ ಇಲ್ಲ.

ಅವಳು ಕೇಳಿದ್ದು ಒಂದೇ. ಹನ್ನೊಂದು ವರ್ಷದಿಂದ ಸ್ಟೋರಿನಲ್ಲಿ ರೆಸಿಸ್ಟರ್ ಎಣಿಸಿ ಕೊಡುತ್ತಿದ್ದವಳು, ವಾರಕ್ಕೊಂದು ಪಾಠ ತನಗೆ ಬಿಟ್ಟುಕೊಡಿ ಎಂದಿದ್ದಳು. ಮೇಷ್ಟ್ರು ಅದನ್ನು ಇಡೀ ತರಗತಿಯ ಮುಂದೆ ಎತ್ತಿ ಆಡಿದ್ದರು. ‘ಇವಳ ಕಿವಿ ಇದೆಯಲ್ಲ, ಓಲೆ ಹಾಕೋಕೆ ಬಹಳ ಚೆನ್ನಾಗಿದೆ. ಬೇರೆ ಯಾವುದಕ್ಕೂ ಬರಲ್ಲ.’ ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಹಲ್ಲು ಕಚ್ಚಿಕೊಂಡು.

ಈ ವರ್ಷ ಮೇಷ್ಟ್ರಿಗೆ ನಿವೃತ್ತಿಯ ವಯಸ್ಸು ತುಂಬಿತ್ತು. ಇನ್ನೊಂದು ವರ್ಷ ಮುಂದುವರಿಸಬೇಕೋ, ತರಗತಿಯನ್ನು ಬೇರೆಯವರಿಗೆ ಕೊಡಬೇಕೋ ಎಂದು ತೀರ್ಮಾನಿಸಲು ಪ್ರಿನ್ಸಿಪಾಲರೂ ಹೊರಗಿನ ಪರೀಕ್ಷಕಿಯೊಬ್ಬರೂ ಪರೀಕ್ಷೆಯ ದಿನವೇ ಬಂದು ಕೂರುವವರಿದ್ದರು. ಅದಕ್ಕಾಗಿ ಮೇಷ್ಟ್ರು ತುಂಬಿದ ಫಾರಂ ಅನ್ನು ಆಫೀಸಿಗೆ ಮುಟ್ಟಿಸಿದ್ದು ಮಗಳೇ. ಮೆಟ್ಟಿಲ ಮೇಲೆ ನಿಂತು ಓದಿದಳು. ‘ಬದಲಿಗೆ ಸೂಕ್ತರು’ ಎಂಬಲ್ಲಿ ಅಪ್ಪನ ದುಂಡು ಅಕ್ಷರ: ‘ಯಾರೂ ಇಲ್ಲ. ಸ್ಟೋರಿನ ಸಹಾಯಕಿಗೆ ಕಿವಿ ಇಲ್ಲ, ಬೋಧನೆಗೆ ಅನರ್ಹಳು.’

ಮಗಳು ಎಂದು ಕೂಡ ಬರೆದಿರಲಿಲ್ಲ. ಅವಳು ಫಾರಂ ಮಡಿಸಿ, ಒಳಗೆ ಹೋಗಿ, ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಳು.

ಪರೀಕ್ಷೆಯ ಬೆಳಿಗ್ಗೆ ಮೊದಲಿನ ನಾಲ್ಕು ಜನರದು ಸುಸೂತ್ರವಾಗಿ ಮುಗಿಯಿತು. ಮೂರು ಪಾಸು, ಒಂದು ಹೆಣ. ಬೆರಳು ಎಂದಿನಂತೆ ಕೆಲಸ ಮಾಡಿತು. ಪರೀಕ್ಷಕಿ ತಲೆದೂಗಿ ಪ್ರಿನ್ಸಿಪಾಲರ ಕಿವಿಯಲ್ಲಿ ಏನೋ ಅಂದರು. ಮೆಚ್ಚುಗೆಯ ಮಾತೇ ಎಂದು ಮುಖದಲ್ಲೇ ಕಾಣುತ್ತಿತ್ತು. ಇನ್ನೊಂದು ವರ್ಷ ಸಿಕ್ಕಿಯೇ ಹೋಯಿತೆಂಬಂತೆ ಮೇಷ್ಟ್ರ ಎದೆ ಮುಂದೆ ಬಂತು. ಹಾಗೆ ಎದೆ ಉಬ್ಬಿದಾಗಲೇ ಅವರ ನಾಲಿಗೆಗೂ ರೆಕ್ಕೆ ಬರುವುದು.

‘ಬಾರಯ್ಯ ಟೇಪು, ನಿನ್ನ ಗೋಳು ನೋಡೋಣ.’

ಟೇಪು ಲಿಫ್ಟ್ ರಿಪೇರಿಯವನು, ನಲವತ್ತು ದಾಟಿದ್ದ. ಸಿಕ್ಕಿದ್ದಕ್ಕೆಲ್ಲ ಕಪ್ಪು ಟೇಪು ಸುತ್ತುವ ಚಟದಿಂದ ಆ ಹೆಸರು ಬಿದ್ದಿತ್ತು. ಹೋದ ವರ್ಷ ಅವನದು ಐದನೇ ವೋಲ್ಟಿನಲ್ಲಿ ಹೆಣವಾಗಿತ್ತು. ಇದು ಎರಡನೇ ಸಲ.

‘ಈ ಸಲ ಸರ್ಕ್ಯೂಟೇ ಬದಲಾಯಿಸಿದೀನಿ ಸಾರ್,’ ಎಂದ.

‘ತಲೆ ಬದಲಾಯಿಸಿದ್ದರೆ ಚೆನ್ನಾಗಿತ್ತು.’

ನಗು. ಮೊದಲ ವೋಲ್ಟು ಕೂಡಿತು, ಎರಡು, ಮೂರು. ಮೇಷ್ಟ್ರ ಅಂಗೈ ಸ್ಪೀಕರಿನ ಮೇಲಿತ್ತು. ನಾಲ್ಕಕ್ಕೆ ಅವರ ಅರ್ಧಗಣ್ಣು ಮಗಳತ್ತ ಸರಿಯಿತು. ಮುಷ್ಟಿ. ಐದು. ಸ್ವರ ಸೂಜಿಯ ಹಾಗೆ ಏರಿ ನಿಂತಿತು, ಎರಡೂ ಒಂದೇ ಎಳೆಯಾಗಿ. ಒಂದಿಷ್ಟೂ ಅಲೆಯಿರಲಿಲ್ಲ. ಟೇಪು ಉಸಿರು ಬಿಟ್ಟ.

ಮಗಳು ಬೆರಳು ಮೇಲೆತ್ತಿದಳು.

ಮೇಷ್ಟ್ರು ಸ್ಕ್ರೂ ತಿರುಗಿಸಿದರು. ವ್ವ... ವ್ವ... ವ್ವ... ಕೂಡಿದ್ದ ಸ್ವರ ಬಿಚ್ಚಿಕೊಂಡಿತು. ಟೇಪು, ‘ಸಾರ್, ಸರಿ ಇತ್ತಲ್ಲ...’ ಅಂದ.

‘ನಿನ್ನ ತುಟಿ ಅಲ್ಲಾಡೋದು ಕಾಣ್ತಿದೆ. ಮುಚ್ಕೊಂಡಿರು.’

ಬೆರಳು ಮೇಲೆಯೇ ಇತ್ತು. ಇನ್ನೂ ತಿರುಗಿಸಿದರು. ಅಲೆ ಬಿರುಸಾಗಿ, ಒರಟಾಗಿ, ಕೊನೆಗೆ ತಗಡು ಕೊಯ್ದಂಥ ಸದ್ದಾಯಿತು. ಹಿಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಪರೀಕ್ಷಕಿ ಪೆನ್ನು ಕೆಳಗಿಟ್ಟರು. ಆಗ ಮಗಳು ಎಡಗೈಯನ್ನು ಬಾಗಿಲ ಪಕ್ಕದ ರ‍್ಯಾಕಿನ ಹಿಂದೆ ಹಾಕಿ ಸ್ಪೀಕರಿನ ಕೇಬಲ್ ಕಿತ್ತಳು.

ಕೋಣೆ ಸ್ತಬ್ಧವಾಯಿತು. ಅವಳ ಬಲಗೈ ಬೆರಳು ನಿಧಾನವಾಗಿ ಕೆಳಗಿಳಿಯತೊಡಗಿತು.

‘ಕೇಳ್ತಾ ಇದೀರಾ?’ ಮೇಷ್ಟ್ರು ತರಗತಿಯನ್ನು ಕೇಳಿದರು. ಸ್ಕ್ರೂ ತಿರುಗುತ್ತಲೇ ಇತ್ತು. ‘ಅಲೆ ನೋಡಿ, ಈಗ ಉದ್ದ ಆಗ್ತಿದೆ. ಹಾಂ. ಇಲ್ಲಿ ಅವಸರ ಮಾಡಬಾರದು. ಮೀಟರ್ ಇದ್ದಿದ್ದರೆ ಇಲ್ಲಿಗೇ ಸಾಕು ಅಂತಿತ್ತು. ಕಿವಿ ಬಿಡಲ್ಲ. ಇನ್ನೂ ಸ್ವಲ್ಪ... ಇನ್ನೂ ಸ್ವಲ್ಪ...’

ಯಾರೋ ಮೂಗಿನಲ್ಲಿ ಕಿಸಕ್ಕೆಂದರು. ಮಗಳು ಮುಷ್ಟಿ ಬಿಗಿದಳು.

‘ಕೂಡಿತು!’ ಮೇಷ್ಟ್ರು ಕಣ್ಣು ಪೂರ್ತಿ ತೆರೆದು ಪರೀಕ್ಷಕಿಯತ್ತ ತಿರುಗಿದರು. ‘ನೋಡಿದ್ರಾ ಮೇಡಂ, ಒಂದೇ ಸ್ವರ. ಗಾಜಿನ ಹಾಗೆ.’

ನಗು ಒಮ್ಮೆಲೇ ಒಡೆಯಿತು. ಮೇಷ್ಟ್ರಿಗೆ ಅದು ಕೇಳಲಿಲ್ಲ. ತೆರೆದ ಬಾಯಿಗಳು, ಕುಲುಕುವ ಹೆಗಲುಗಳು ಮಾತ್ರ ಕಂಡವು. ತಮ್ಮ ಮಾತಿಗೇ ನಗುತ್ತಿದ್ದಾರೆಂದು ಅವರೂ ಒಂದು ಗಳಿಗೆ ನಕ್ಕರು. ಆಮೇಲೆ ಪರೀಕ್ಷಕಿಯ ಮುಖ ಕಂಡಿತು, ಅಲ್ಲಿ ನಗು ಇರಲಿಲ್ಲ. ಮೇಷ್ಟ್ರು ಮಗಳ ಕಡೆ ತಿರುಗಿದರು. ಕಿತ್ತ ಕೇಬಲ್ ಅವಳ ಎಡಗೈಯಲ್ಲಿ ಜೋತಾಡುತ್ತಿತ್ತು. ಅವಳು ಅದನ್ನು ಬಚ್ಚಿಡಲಿಲ್ಲ.

ಎಲ್ಲರೂ ನೋಡುತ್ತಿದ್ದಂತೆ ಮೇಷ್ಟ್ರ ಮುಖದ ಬಣ್ಣ ಇಳಿದು, ಮತ್ತೆ ಏರಿತು. ಅವರು ಕುಸಿಯುತ್ತಾರೆಂದು ಮಗಳು ಕಾದಿದ್ದಳು. ಅವರು ಕುಸಿಯಲಿಲ್ಲ. ಸ್ಕ್ರೂಡ್ರೈವರನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು, ಪಾಠ ಮಾಡುವ ದನಿಯಲ್ಲೇ ಮಾತಾಡಿದರು.

‘ಮೇಡಂ, ಬರ್ಕೊಳ್ಳಿ. ನನಗೆ ಮೇಲಿನ ಸ್ವರ ಕೇಳಿಸಲ್ಲ. ಎರಡು ವರ್ಷ ಆಯ್ತು. ಇವಳು ಅಲ್ಲಿ ನಿಂತು ಬೆರಳು ತೋರಿಸ್ತಾಳೆ, ನಾನು ತಿರುಗಿಸ್ತೀನಿ. ಎರಡು ವರ್ಷದಿಂದ ಇಲ್ಲಿ ಪಾಸು-ಫೇಲು ಮಾಡಿರೋದು ನಾನಲ್ಲ. ಇವಳು. ಒಂದೊಂದು ಬೋರ್ಡೂ ಡಬ್ಬಿಗೆ ಹೋಗಿದ್ದು ಇವಳ ಬೆರಳಿಂದ. ಈಗ ನೋಡಿದ್ರಲ್ಲ, ಆ ಬೆರಳು ಎಷ್ಟು ಸತ್ಯ ಹೇಳುತ್ತೆ ಅಂತ.’

ನಗು ನಿಂತುಹೋಯಿತು. ಕತ್ತುಗಳು ಒಂದೊಂದಾಗಿ ಅವಳತ್ತ ಹೊರಳಿದವು. ಇದನ್ನು ಅವಳು ಲೆಕ್ಕ ಹಾಕಿರಲಿಲ್ಲ.

ಟೇಪು ಇನ್ನೂ ಮೇಜಿನ ಪಕ್ಕದಲ್ಲೇ ಇದ್ದ. ‘ಅಕ್ಕ,’ ಎಂದ, ‘ಹಾಗಾದ್ರೆ ಹೋದ ವರ್ಷ ನಂದು?’

ಅವಳು ಕೈಯಲ್ಲಿದ್ದ ಕೇಬಲನ್ನು ಸುತ್ತತೊಡಗಿದಳು.

‘ನಿಮ್ಮನ್ನೇ ಕೇಳ್ತಿರೋದು. ಅದು ನಿಜವಾಗ್ಲೂ ಕೂಡಿರಲಿಲ್ವಾ?’

ಕೂಡಿತ್ತು. ಹೋದ ವರ್ಷ ಪರೀಕ್ಷೆಗೆ ಮುಂಚಿನ ದಿನ ಅವನೊಂದು ಕೆಪಾಸಿಟರ್ ಕೇಳಲು ಬಂದಾಗ, ಇದರ ಬದಲು ಬೇರೆಯದು ಹಾಕು ಎಂದು ಅವಳು ಬುದ್ಧಿ ಹೇಳಿದ್ದಳು. ‘ನೀವು ಎಣಿಸಿ ಕೊಡಿ ಸಾಕು ಅಕ್ಕ, ಉಳಿದಿದ್ದು ಸಾರ್‌ನ ಕೇಳ್ತೀನಿ’ ಎಂದಿದ್ದ ಅವನು, ಕೆಟ್ಟ ಮನಸ್ಸಿನಿಂದಲ್ಲ. ಮಾರನೇ ದಿನ ಅವಳ ಬೆರಳು ಕೆಳಗಿಳಿದೇ ಇರಲಿಲ್ಲ. ಕಿವಿ ತಪ್ಪಿತೆಂದು ಆಗ ತನಗೆ ತಾನೇ ಹೇಳಿಕೊಂಡಿದ್ದಳು.

‘ಕೂಡಿತ್ತು,’ ಎಂದಳು.

ಟೇಪು ತಲೆಯಾಡಿಸಿದ. ತನ್ನ ಪೆಟ್ಟಿಗೆಯ ವೈರುಗಳನ್ನು ಬಿಡಿಸಿಕೊಂಡ. ‘ಸಾರ್ ಬಾಯಲ್ಲಿ ಬಯ್ತಾರೆ, ಮನೆಗೆ ಹೋಗೋಷ್ಟರಲ್ಲಿ ಮರೆತುಬಿಡಬಹುದು,’ ಎಂದ. ‘ನಿಮ್ಮ ಏಟು ಭಾರಿ ಅಕ್ಕ. ನನಗೆ ಕೈ ನಡುಗುತ್ತೆ ಅಂತ ಒಂದು ವರ್ಷ ನಂಬಿದ್ದೆ ನಾನು. ಕೆಲಸದಲ್ಲೂ ಮೇಲಿನ ಮಹಡಿಯ ವೈರಿಂಗ್ ಮುಟ್ತಿರಲಿಲ್ಲ.’

ಅವಳು ಕೇಬಲನ್ನು ಮೇಜಿನ ಮೇಲಿಟ್ಟಳು.

ಪ್ರಿನ್ಸಿಪಾಲರು ಎದ್ದು ಕಿಟಕಿಯ ಕಡೆ ಹೋಗಿ, ಹೊರಗೆ ನೋಡುತ್ತ, ಎಲ್ಲರಿಗೂ ಬೆನ್ನು ಹಾಕಿ ಮಾತಾಡಿದರು. ಎರಡು ವರ್ಷದ ಫಲಿತಾಂಶ ರದ್ದು. ಎಲ್ಲರ ಪರೀಕ್ಷೆ ಮತ್ತೊಮ್ಮೆ, ಮೀಟರಿನಲ್ಲಿ. ತರಗತಿಗೆ ಹೊರಗಿನಿಂದ ಜನ ಕರೆಸುತ್ತೇವೆ. ನೀವಿಬ್ಬರೂ ಬೀಗದ ಕೈ ಆಫೀಸಿಗೆ ಕೊಟ್ಟು ಹೊರಡಿ.

ಬೆನ್ನಿಗೆ ತುಟಿಯಿರುವುದಿಲ್ಲ. ಮೇಷ್ಟ್ರು ಆ ಬೆನ್ನನ್ನೇ ಒಂದಿಷ್ಟು ಹೊತ್ತು ನೋಡಿ, ಗತ್ಯಂತರವಿಲ್ಲದೆ ಮಗಳನ್ನು ಕೇಳಿದರು.

‘ಏನಂದ್ರು?’

‘ಹೋಗಿ ಅಂದ್ರು ಅಪ್ಪ.’

‘ನನ್ನನ್ನಾ?’

ಅವಳು ಅವರಿಗೆ ಕಾಣುವಂತೆ, ತುಟಿ ಬಿಡಿಸಿ ಬಿಡಿಸಿ ಹೇಳಿದಳು: ‘ಇಬ್ಬರನ್ನೂ.’

ಮೇಷ್ಟ್ರ ಹೆಗಲು ಸಡಿಲವಾಯಿತು. ಬೆಳಗಿನಿಂದ ಮೊದಲ ಬಾರಿಗೆ ಅವರ ಮುಖದಲ್ಲಿ ನಿಜವಾದ ನೆಮ್ಮದಿ ಕಂಡಿತು.

‘ಸದ್ಯ,’ ಎಂದರು ಅಪ್ಪ. ತಮ್ಮ ಚೀಲವನ್ನು ಅವಳ ಕೈಗೆ ಕೊಟ್ಟು ಮುಂದೆ ನಡೆದರು.