ನಾದಿನಿಯ ನಾದ

ಗೋಡೆಗೂ ಬಾಯಿ ಇರುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಅಲ್ಲ, ಅವರು ಹೇಳಿದ್ದು ಕಿವಿ ಎನ್ನುತ್ತೀರಾ? ಹಾಗಾದರೆ ಆ ಹಿರಿಯರು ಗುದ್ದಣ್ಣನ ಸ್ಪೀಕರ್ ಪೆಟ್ಟಿಗೆಯ ಮುಂದೆ ಕುಳಿತವರಲ್ಲ. ಇದು ಅಪ್ಪಟ ನಿಜ ಕಥೆ. ಸುಳ್ಳಾಗಿದ್ದರೆ ಇದಕ್ಕಿಂತ ಮರ್ಯಾದೆಯಾಗಿ ಇರುತ್ತಿತ್ತು.

ಗುದ್ದಣ್ಣ ಯಾರಿಗೂ ಗುದ್ದಿದವನಲ್ಲ. ಬಾಗಿಲು, ಕಪಾಟು, ಬ್ಯಾಂಕಿನ ಕೌಂಟರು, ಮರ ಅಂತ ಏನು ಕಂಡರೂ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಡುವ ಚಟ ಅವನದು. ಆ ಚಟಕ್ಕೆ ಬೀದಿಯವರು ಇಟ್ಟ ಹೆಸರಿದು. ‘ಟಕ್’ ಎಂದರೆ ಒಳ್ಳೆಯ ಮರ, ‘ಗುಂಯ್’ ಎಂದರೆ ಹಾಳು ಮರ. ಈಗ ಅವನು ಮನೆಯಲ್ಲೇ ಸ್ಪೀಕರಿಗೊಂದು ಮರದ ಪೆಟ್ಟಿಗೆ ಕಟ್ಟುತ್ತಿದ್ದ. ಪೆಟ್ಟಿಗೆಯೊಳಗಿನ ಸ್ಪೀಕರು ಹಾಡಬೇಕು, ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿರಬೇಕು. ಅದರ ಗೋಡೆಗಳೂ ನಡುಗತೊಡಗಿದರೆ, ಹಾಡುಗಾರನ ಹಿಂದೆ ಕುಳಿತು ತಾನೂ ಗುನುಗುವ ಮಾವನಂತೆ, ರಾಗ ಕುಲಗೆಡುತ್ತದೆ. ಅದಕ್ಕೇ ಒಳಗೋಡೆಗೆಲ್ಲ ಟಾರು ಹಾಳೆ ಅಂಟಿಸಿದ. ನಡುಕ ಅರ್ಧ ಇಳಿಯಿತು. ಉಳಿದರ್ಧಕ್ಕೆ ಎದುರುಬದುರು ಗೋಡೆಗಳ ನಡುವೆ ಅಡ್ಡಪಟ್ಟಿ ಕೊಡಬೇಕೆಂದು ಹೆಂಡತಿಯ ಇಸ್ತ್ರಿ ಹಲಗೆ ಕೊಯ್ದ. ಆಮೇಲೆ ಚಪ್ಪಲಿ ಗೂಡು. ಈ ಭಾನುವಾರ ಕಣ್ಣು ಬಿದ್ದದ್ದು ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಅವಳು ಟೈಲರ್.

"ಎಂಥಾ ದಪ್ಪ ಹಲಗೆ ಕಣೇ! ಇದೊಂದು ಒಳಗೆ ಹೋದ್ರೆ ಪೆಟ್ಟಿಗೆ ಉಸಿರೂ ಬಿಡಲ್ಲ."

"ಅದು ಹೋದ್ರೆ ನಾನೂ ಉಸಿರು ಬಿಡಲ್ಲ ರೀ. ನಾಳೆ ಬ್ಯಾಂಡಿನವರಿಗೆ ಕೋಟು ಕೊಡ್ಬೇಕು, ಇನ್ನೂ ಬಟ್ಟೆನೇ ಕತ್ತರಿಸಿಲ್ಲ. ನೆಲದ ಮೇಲೆ ಕತ್ತರಿಸಿದ್ರೆ ಒಂದು ತೋಳು ಅಪ್ಪಂದು, ಇನ್ನೊಂದು ಮಗಂದು ಆಗುತ್ತೆ."

"ಹೊಸ ಮೇಜು ಮಾಡ್ಕೊಡ್ತೀನಿ ಬಿಡು."

"ಇಸ್ತ್ರಿ ಹಲಗೆಗೂ ಹಾಗೇ ಅಂದ್ರಿ. ಈಗ ನಿಮ್ಮ ಪ್ಯಾಂಟನ್ನ ಹಾಸಿಗೆ ಕೆಳಗಿಟ್ಟು, ಮೇಲೆ ನಾನು ಮಲಗಿ ಇಸ್ತ್ರಿ ಮಾಡ್ತಿದೀನಿ."

ಗೋರ್ಕಲ್ಲ ಮೇಲೆ ಮಳೆ. ಅವನು ಗರಗಸ ಮಸೆಯಲು ಹಿತ್ತಲಿಗೆ ಹೋದ. ಅವಳು ನೇರ ನಾದಿನಿಯ ಕೋಣೆಗೆ ನುಗ್ಗಿದಳು.

ಈ ನಾದಿನಿಗೆ ಹೆಸರಿನಲ್ಲೇ ನಾದ. ಬಾಯಲ್ಲೇ ಕುಕ್ಕರಿನ ಸೀಟಿ ಹಾಕಿ ಅತ್ತಿಗೆಯನ್ನು ಅಡುಗೆಮನೆಗೆ ಓಡಿಸಿದವಳು; ಪಕ್ಕದ ಮನೆಯ ಸ್ಟಾರ್ಟ್ ಆಗದ ಸ್ಕೂಟರಿನ ಕೆಮ್ಮು ಕೆಮ್ಮಿ, ಅದರ ಯಜಮಾನನನ್ನು ಟವೆಲ್‌ನಲ್ಲೇ ಬೀದಿಗೆ ತಂದವಳು.

"ಅಣ್ಣ ಕುಟ್ಟಿ ನೋಡ್ದೆ ಕೊಯ್ಯೋನಲ್ಲ ಅತ್ತಿಗೆ. ಅವನ ಕಂಪನಕ್ಕೆ ನಾನು ಕಂಪನಿ ಕೊಡ್ತೀನಿ, ನೀವು ಬಟ್ಟೆ ಇಳಿಬಿಡಿ" ಎಂದು ಮೇಜಿನಡಿ ತೂರಿಕೊಂಡಳು. ಕೋಟಿನ ಬಟ್ಟೆ ಸುತ್ತಲೂ ನೆಲದ ತನಕ ಇಳಿಯಿತು.

ಗುದ್ದಣ್ಣ ಬಂದ, ಬಟ್ಟೆ ಸ್ವಲ್ಪ ಸರಿಸಿ ಹಲಗೆ ಕುಟ್ಟಿದ.

"ಗುಂಯ್‌ಯ್‌ಯ್!"

ಅವನ ಮುಖ ಇಳಿದುಹೋಯಿತು. "ಇದೇನೇ! ಇಷ್ಟು ದಪ್ಪ ಇದ್ಕೊಂಡು ಒಳಗೆಲ್ಲ ಟೊಳ್ಳು!"

"ನಿಮ್ಮ ಕಡೆಯವರು ಕೊಟ್ಟಿದ್ದಲ್ವಾ" ಎಂದಳು ಹೆಂಡತಿ.

ಆ ತುದಿ ಕುಟ್ಟಿದ. ಬಟ್ಟೆ ಮೆಲ್ಲಗೆ ಅಲುಗಿತು, ಅಲ್ಲಿಂದಲೂ ಗುಂಯ್, ಕೊಂಚ ಏದುಸಿರಿನೊಂದಿಗೆ. ನಡುವೆ ಕುಟ್ಟಿದ. ಈ ಸಲದ ಗುಂಯ್‌ಗೆ ಆಲಾಪವೂ ಸೇರಿತ್ತು.

"ಥೂ, ಇದನ್ನ ಒಳಗಿಟ್ರೆ ಪೆಟ್ಟಿಗೆ ಅಲ್ಲ, ಜೇನುಗೂಡು" ಎಂದು ಗರಗಸ ಕೆಳಗಿಟ್ಟ. ಅವಳಿಗೆ ಹೋದ ಜೀವ ಬಂದಂತಾಯಿತು. ಕೊನೆಗೊಮ್ಮೆ ನೋಡೋಣ ಎಂದು ಅವನು ಕೈ ಎತ್ತಿದ. ಅಷ್ಟರಲ್ಲಿ ಮೂಗು ತುರಿಸಿತು. ಎತ್ತಿದ ಕೈ ಮೂಗಿಗೆ ಹೋಯಿತು.

"ಗುಂಯ್‌ಯ್‌ಯ್" ಎಂದಿತು ಹಲಗೆ.

ಅವನು ಗೆಣ್ಣು ನೋಡಿಕೊಂಡ. ಹಲಗೆ ನೋಡಿದ. "ಲೇ, ಇದು ಗುದ್ದೋಕೆ ಮುಂಚೆನೇ ಅಳುತ್ತಲ್ಲೇ!"

"ಗರಗಸ ನೋಡಿ ಹೆದರಿರ್ಬೇಕು ರೀ."

ಅವನು ಬಾಗಿ ಮತ್ತೆ ಕುಟ್ಟಿದ. ಕೆಳಗಿನವಳು ಗಾಬರಿಯಲ್ಲಿ ಉಸಿರು ಕಟ್ಟಿದ್ದಳು. "ಟಕ್." ಅವನು ಜನ್ಮದಲ್ಲಿ ಕೇಳಿರದಂಥ ಗಟ್ಟಿ, ಗಂಭೀರ ಟಕ್. ಅವನ ಕಣ್ಣು ಅರಳಿತು, ಕೈ ಗರಗಸದತ್ತ ಹೋಯಿತು. ಇನ್ನೊಂದು ಕೈಯಿಂದ ಅವನು ಬಟ್ಟೆ ಎತ್ತಿದ.

ಕೆಳಗೆ ತಲೆತುಂಬ ನೂಲಿನ ಚೂರು ಅಂಟಿಸಿಕೊಂಡು, ಕೆನ್ನೆ ಉಬ್ಬಿಸಿ ಕುಳಿತ ತಂಗಿ. ಬೇರೇನೂ ತೋಚದೆ ಸಣ್ಣ ದನಿಯಲ್ಲಿ, "ಗುಂಯ್" ಎಂದಳು.

"ಏಯ್!" ಎಂದು ಗದರಲು ಹೊರಟವನ ಗಡ್ಡ ನಡುಗಿತು. ನಡುಕ ಭುಜಕ್ಕಿಳಿಯಿತು, ಭುಜದಿಂದ ಹೊಟ್ಟೆಗೆ. ಗರಗಸ ಠಣ್ಣೆಂದು ಬಿತ್ತು, ಪಕ್ಕದಲ್ಲೇ ಅವನೂ ನಗುತ್ತ ಕುಸಿದ. ಹೆಂಡತಿ ಸಿಕ್ಕಿದ್ದೇ ಸಮಯವೆಂದು ಬಟ್ಟೆ ಹಾಸಿ, ಸೀಮೆಸುಣ್ಣದ ಗೀಟೆಳೆದು, ಕರಕರನೆ ಮೊದಲ ತೋಳು ಕತ್ತರಿಸಿಯೇಬಿಟ್ಟಳು.

"ಕತ್ತರಿಸು, ಕತ್ತರಿಸು!" ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. "ಮೇಜು ನಿಂದೇ. ಅಡ್ಡಪಟ್ಟಿ ಬದ್ಲು ನಿಮ್ಮಿಬ್ರನ್ನೇ ಪೆಟ್ಟಿಗೆ ಒಳಗೆ ಅಡ್ಡ ನಿಲ್ಲಿಸ್ತೀನಿ. ಗೋಡೆ ಅಲ್ಲ, ಊರೇ ಅಲ್ಲಾಡಲ್ಲ!"

ಹೆಂಗಸರಿಬ್ಬರೂ ಬಿದ್ದು ಬಿದ್ದು ನಕ್ಕರು. ಆದರೆ ತನ್ನ ಮಾತಿಗೆ ತಾನೇ ನೆಲ ಬಡಿದುಕೊಂಡು ನಕ್ಕ ಗುದ್ದಣ್ಣನ ಅಬ್ಬರದ ಮುಂದೆ ಆ ಎರಡೂ ನಗು ಕೇಳಿಸಲೇ ಇಲ್ಲ.