ಸಾಹುಕಾರ ಕ್ಷಮೆ ಕೇಳುವ ಸೀನು

ಧಾರಾವಾಹಿಯ ಸಾಹುಕಾರನಿಗೆ ಮುಖ ಒಬ್ಬನದು, ದನಿ ಇನ್ನೊಬ್ಬನದು. ಮುಖದವನು ಎಲ್ಲೋ ದೂರದಲ್ಲಿ ಬೇರೆ ಭಾಷೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಅಬ್ಬರಿಸುತ್ತಿದ್ದ. ಅವನ ತುಟಿ ಅಲುಗಿದಂತೆಲ್ಲ ನಮ್ಮ ಮಾತು ಕೂರಿಸುವ ಕೆಲಸ ಗುಡುಗು ಮಾಮನದು. ಆ ಹೆಸರಿಟ್ಟವರು ಅವನಿದ್ದ ಕಟ್ಟಡದ ಮಕ್ಕಳು. ಅವನು ಮೆಟ್ಟಿಲ ಮೇಲೆ ಸುಮ್ಮನೆ ಕೆಮ್ಮಿದರೂ ಕೆಳಗಿನ ಮನೆಯ ಬೆಕ್ಕು ಎದ್ದು ಓಡುತ್ತಿತ್ತು.

ಸಾಹುಕಾರನೆಂದರೆ ಸಾಮಾನ್ಯ ಆಸಾಮಿಯಲ್ಲ. ತಮ್ಮನ ಮನೆಗೆ ಬೆಂಕಿ ಇಟ್ಟಿದ್ದ, ಹೆಂಡತಿಗೆ ಹುಚ್ಚಿಯ ಪಟ್ಟ ಕಟ್ಟಿ ಕೋಣೆಯಲ್ಲಿ ಕೂಡಿಹಾಕಿದ್ದ, ಹೆತ್ತ ಮಗಳನ್ನು ಉಟ್ಟ ಬಟ್ಟೆಯಲ್ಲೇ ಮನೆಯಿಂದ ಹೊರಗೆ ಹಾಕಿದ್ದ. ಇಷ್ಟೆಲ್ಲ ಮಾಡಿದವನ ಮೇಲೆ ನೋಡುವವರಿಗೆ ಅದೇನು ಮೋಹ ಹುಟ್ಟಿತೋ ದೇವರೇ ಬಲ್ಲ. ಅವನಿಲ್ಲದ ದಿನ ಧಾರಾವಾಹಿ ಸಪ್ಪೆ ಅನ್ನತೊಡಗಿದರು. ಕಥೆ ಬರೆಯುವವರೇನು ದಡ್ಡರೇ? ಜನ ಮೆಚ್ಚಿದವನನ್ನು ಜೈಲಿಗೆ ಕಳಿಸಿ ತಮ್ಮ ಅನ್ನಕ್ಕೇ ಕಲ್ಲು ಹಾಕಿಕೊಳ್ಳುವ ಬದಲು, ವಾರದೊಳಗೆ ಅವನನ್ನು ಒಳ್ಳೆಯವನನ್ನಾಗಿ ಮಾಡಿಬಿಡುವುದು ಎಂದು ತೀರ್ಮಾನಿಸಿದರು. ಮಗಳನ್ನು ಹುಡುಕಿಕೊಂಡು ಹೋಗಿ ಅವನು ಕ್ಷಮೆ ಕೇಳಬೇಕು.

ಗುಡುಗು ಮಾಮನ ಕಷ್ಟ ಶುರುವಾದದ್ದು ಅಲ್ಲಿಂದಲೇ. ಡಬ್ಬಿಂಗ್ ಕೋಣೆಯ ಗೋಡೆಗೆಲ್ಲ ಸ್ಪಂಜು ಬಡಿದಿತ್ತು. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಫ್ಯಾನೂ ಇರಲಿಲ್ಲ. ಬೆವರು ಒರೆಸಿಕೊಳ್ಳುತ್ತ, ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲಿನ ತುಟಿಗಳನ್ನೇ ನೋಡುತ್ತ ಅವನು ಹೇಳಿದ: "ಮಗಳೇ, ನಾನು ಮನುಷ್ಯನಾಗಿರಲಿಲ್ಲ. ನನ್ನನ್ನು ಕ್ಷಮಿಸು."

ಗಾಜಿನ ಆಚೆ ಕೂತ ಮೇಡಂ ಇಲ್ಲವೆಂದು ತಲೆಯಾಡಿಸಿದಳು. ಡಬ್ಬಿಂಗಿನ ಉಸ್ತುವಾರಿ ಅವಳದು, ವಯಸ್ಸಿನಲ್ಲಿ ಅವನ ಮಗಳಷ್ಟೇ. "ಸರ್, ನೀವು ಕ್ಷಮೆ ಕೇಳ್ತಿಲ್ಲ, ಬಾಕಿ ವಸೂಲಿ ಮಾಡ್ತಿದ್ದೀರಿ."

ಅವನು ದನಿ ಇಳಿಸಿದ. "ಈಗ ಹೊಟ್ಟೆನೋವು ಬಂದವರ ಹಾಗಿದೆ ಸರ್," ಅಂದಳು. ಬಿಕ್ಕಿ ಹೇಳಿದ, ನಡುಗಿಸಿ ಹೇಳಿದ, ಪಿಸುಗುಟ್ಟಿ ಹೇಳಿದ. ಯಾವುದೂ ಹೊಂದಲಿಲ್ಲ. ಕೊನೆಗೆ ಅವಳು ಮೆತ್ತಗೆ ಅಂದಳು: "ನಾಳೆ ಬೆಳಿಗ್ಗೆ ಇನ್ನೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಬೇರೆಯವರ ಹತ್ರ ಮಾಡಿಸ್ತೀನಿ. ಸಾಹುಕಾರನೇ ಬದಲಾಗಿದ್ದಾನಲ್ಲ, ದನಿ ಬದಲಾದ್ರೂ ಜನ ಒಪ್ಕೋತಾರೆ."

"ಪಾಪ ಎಲ್ಲಾ ನನ್ನ ಗಂಟಲಲ್ಲಿ ಮಾಡಿಸಿದ್ರಿ ಮೇಡಂ. ಪುಣ್ಯ ಬರೋ ಹೊತ್ತಿಗೆ ಇನ್ನೊಬ್ಬನಿಗೆ ಕೊಡ್ತೀರಾ?"

ಮೇಡಂ ನಕ್ಕಳು. ಅವನು ತಮಾಷೆಗೆ ಹೇಳಿರಲಿಲ್ಲ. ಬಸ್ಸಿನಲ್ಲಿ ಕೂತು ಮನೆ ತಲುಪುವವರೆಗೂ ಅವನ ಮುಖ ಗಂಟಿಕ್ಕಿಕೊಂಡೇ ಇತ್ತು.

ಮನೆಯಲ್ಲಿ ಹೆಂಡತಿ ಒಣಗಿದ ಬಟ್ಟೆಗಳನ್ನು ಸೋಫಾದ ಮೇಲೆ ರಾಶಿ ಹಾಕಿಕೊಂಡು ಮಡಚುತ್ತಿದ್ದಳು. ಅವನು ಸಂಭಾಷಣೆಯ ಹಾಳೆಯನ್ನು ಅವಳ ಮುಂದೆ ಹಿಡಿದ.

"ನೀನು ಸ್ವಲ್ಪ ಮಗಳ ಮಾತು ಓದು. ಎದುರಿಗೆ ಯಾರಾದ್ರೂ ಇದ್ರೆ ನನಗೆ ಬರಬಹುದು."

"ಮೊದಲು ಈ ದುಪ್ಪಟಿಯ ಆ ತುದಿ ಹಿಡೀರಿ," ಅಂದಳು ಅವಳು.

ಇಬ್ಬರೂ ಒಂದೊಂದು ತುದಿ ಹಿಡಿದು ನಿಂತರು. ಅವನು ಕ್ಷಮೆ ಕೇಳಿದ. ಅವಳು ಸೋಫಾದ ಮೇಲಿದ್ದ ಹಾಳೆಯತ್ತ ಬಗ್ಗಿ ಓದಿದಳು: "ಅಪ್ಪಾ, ಆಗಿದ್ದೆಲ್ಲ ಆಗಿಹೋಯಿತು. ಬನ್ನಿ, ಮನೆಗೆ..." ಅಲ್ಲಿಗೆ ನಿಲ್ಲಿಸಿಬಿಟ್ಟಳು. "ಇದನ್ನ ನಾನು ಹೇಳಲ್ಲ ರೀ."

"ಯಾಕೆ? ಓದೋಕೆ ಏನು ಕಷ್ಟ?"

"ಮನೆ ಸುಟ್ಟವನಿಗೆ ಒಂದೇ ಮಾತಿಗೆ 'ಬನ್ನಿ' ಅನ್ನೋದಾ? ಜನಕ್ಕೆ ಇಷ್ಟ ಆದ ಅಂತ ಇವನು ಒಳ್ಳೆಯವನಾದ. ಆ ಹುಡುಗೀನ ಯಾರು ಕೇಳಿದ್ರು?"

"ಹಾಗಾದ್ರೆ ಅವನಿಗೆ ಕ್ಷಮೆಯೇ ಇಲ್ಲ ಅಂತೀಯಾ?"

"ಹಾಗಂದೆನಾ ನಾನು? 'ಮನುಷ್ಯನಾಗಿರಲಿಲ್ಲ' ಅಂದ್ರೆ ಯಾರಿಗೆ ಏನು ಗೊತ್ತಾಗುತ್ತೆ? ಅದು ತಪ್ಪಿಸ್ಕೊಳ್ಳೋ ಮಾತು. ಆವತ್ತು ನಾನು ಹೀಗೆ ಮಾಡಿದೆ, ಇನ್ನೊಂದಿನ ಹಾಗೆ ಮಾಡಿದೆ ಅಂತ ಬಾಯಿಬಿಟ್ಟು ಹೇಳ್ಲಿ. ಆಮೇಲೆ ಅವಳು ಯೋಚನೆ ಮಾಡ್ತಾಳೆ."

ಹೆಂಡತಿ ಇಷ್ಟು ಮಾತಾಡಿದ್ದನ್ನು ಅವನು ಕೇಳಿ ಎಷ್ಟೋ ಕಾಲವಾಗಿತ್ತು. ಅವನ ಮುಂದೆ ಅವಳದು ಅಳೆದು ತೂಗಿ ಆಡುವ ಮಾತು. ಬೇರೆ ಊರಿನಲ್ಲಿ ಹಲ್ಲಿನ ಡಾಕ್ಟರಾಗಿದ್ದ ಮಗಳದೂ ಅಷ್ಟೇ. ತಾಯಿಯ ಜೊತೆ ಗಂಟೆಗಟ್ಟಲೆ ಹರಟುವವಳು, ಅಪ್ಪನ ಜೊತೆ ಬಾಡಿಗೆದಾರರು ಮನೆ ಮಾಲೀಕನ ಜೊತೆ ಆಡುವಷ್ಟೇ ಆಡುತ್ತಿದ್ದಳು. ಇಬ್ಬರದೂ ಗಂಭೀರ ಸ್ವಭಾವ ಅಂದುಕೊಂಡು ಅವನು ಹಾಯಾಗಿದ್ದ. ಹಾಗೆ ಅಂದುಕೊಳ್ಳುವುದರಲ್ಲಿ ಅವನಿಗೇನೂ ಖರ್ಚಿರಲಿಲ್ಲ ನೋಡಿ.

"ಸರಿ, ನೀನು ಹೇಳಿದ ಹಾಗೇ ಮಾಡೋಣ," ಎಂದು ಅವನು ಗಂಟಲು ಸರಿಮಾಡಿಕೊಂಡ. "ನಾನು ತಮ್ಮನ ಮನೆಗೆ ಬೆಂಕಿ ಇಟ್ಟೆ. ನಿನ್ನ ಅಮ್ಮನ್ನ ಕೂಡಿಹಾಕಿದೆ." ದನಿ ಅದೇ ಸಾಹುಕಾರನದು, ಗೋಡೆಗೆ ಬಡಿದು ವಾಪಸ್ಸು ಬರುವಂಥದ್ದು. ದುಪ್ಪಟಿಯ ತುದಿಗಳನ್ನು ಜೋಡಿಸಲು ಇಬ್ಬರೂ ಹತ್ತಿರ ಬಂದರು. ಅವಳ ಕೈಗೆ ಅವನ ಕೈ ತಗುಲಿತು. ತಗುಲಿದ ಕೂಡಲೇ ಅವಳು ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಅದನ್ನು ನೋಡಿದ. ಬಹುಶಃ ಮೊದಲ ಸಲ ನೋಡಿದ.

"ಉಪ್ಪು ಜಾಸ್ತಿ ಆಯ್ತು ಅಂತ ತಟ್ಟೆ ಎಸೆದೆ," ಅಂದ. ದನಿ ಅರ್ಧಕ್ಕೆ ಬಿದ್ದುಹೋಗಿತ್ತು.

ಅವಳ ಕೈ ನಿಂತಿತು. "ಸಾಹುಕಾರ ಯಾವತ್ತೂ ತಟ್ಟೆ ಎಸೆದಿಲ್ವಲ್ಲ."

"ಇಲ್ಲ," ಅಂದ ಅವನು.

ದುಪ್ಪಟಿ ಇಬ್ಬರ ನಡುವೆ ನೆಲಕ್ಕೆ ಜಾರಿತು. ಎತ್ತುವ ಗೋಜಿಗೆ ಯಾರೂ ಹೋಗಲಿಲ್ಲ. ಅವಳು ಬಟ್ಟೆಯ ರಾಶಿಯ ಪಕ್ಕ ಕುಕ್ಕರಿಸಿದಳು. ಅವಳಿಗೆ ಅಳು ಬರಲಿಲ್ಲ, ಸುಸ್ತಾಗಿತ್ತು.

"ನೀವು ಹಾಗೆ ಕೂಗಾಡಿದಾಗೆಲ್ಲ ಕೆಳಗಿನ ಮನೆಯವರು ಬಂದು ಕೇಳೋರು, ಏನಾಯ್ತು ಅಂತ. ಏನಿಲ್ಲ, ಪ್ರಾಕ್ಟೀಸ್ ಮಾಡ್ತಿದ್ದಾರೆ ಅಂತಿದ್ದೆ. ಅವರು ನಂಬೋರು. ನಿಮ್ಮ ಕೆಲಸವೇ ಅದಲ್ವಾ?" ಅವಳು ಒಂದು ಟವೆಲನ್ನು ಎತ್ತಿಕೊಂಡು ಸುಮ್ಮನೆ ನೀವಿದಳು. "ಮಗೂಗೂ ಅದನ್ನೇ ಹೇಳ್ತಿದ್ದೆ. ಅದು ಬೀರುವಿನಲ್ಲಿ ಬಟ್ಟೆಗಳ ಹಿಂದೆ ಕೂತ್ಕೊಂಡುಬಿಡ್ತಿತ್ತು. ಬಾ ಪುಟ್ಟಿ, ಅಪ್ಪ ಪ್ರಾಕ್ಟೀಸ್ ಮಾಡ್ತಿರೋದು, ಕೋಪ ಇಲ್ಲ ಅಂತ ರಮಿಸಿ ಹೊರಗೆ ಕರ್ಕೊಂಡು ಬರ್ತಿದ್ದೆ. ಪಾಪ, ಅವಳೂ ನಂಬ್ತಿದ್ದಳು."

ಮಗಳು ಬೀರುವಿನಲ್ಲಿ ಕೂರುತ್ತಿದ್ದದ್ದು ಗುಡುಗು ಮಾಮನಿಗೆ ಗೊತ್ತೇ ಇರಲಿಲ್ಲ. ಊರಿಗೆಲ್ಲ ಕೇಳುವ ದನಿಯಿದ್ದವನು ತನ್ನ ಮನೆಯೊಳಗಿನ ಸದ್ದನ್ನು ಕೇಳಿಸಿಕೊಂಡಿರಲಿಲ್ಲ. ನಾಳೆ ಸಾಹುಕಾರನ ಗತಿ ಏನಾಗುತ್ತದೆ ಎಂಬುದು ಆ ಹೊತ್ತಿಗೆ ಅವನ ತಲೆಯಿಂದ ಪೂರ್ತಿ ಹಾರಿಹೋಯಿತು. ಹೆಂಡತಿಯ ಪಕ್ಕದಲ್ಲಿ ಕೂತು, ಅವಳ ಫೋನನ್ನು ತೆಗೆದುಕೊಂಡು ಮಗಳಿಗೆ ಕರೆ ಮಾಡಿ, ಸ್ಪೀಕರಿಗೆ ಹಾಕಿ, ಇಬ್ಬರ ನಡುವೆ ಇಟ್ಟ. ಹೆಂಡತಿ ಬೇಡವೆಂಬಂತೆ ಕೈ ಚಾಚಿದಳು, ಆಮೇಲೆ ಹಿಂದಕ್ಕೆ ತೆಗೆದುಕೊಂಡಳು.

"ಹೇಳಮ್ಮಾ," ಅಂದಳು ಮಗಳು.

"ನಾನು, ಅಪ್ಪ."

"ಏನಪ್ಪಾ? ಅಮ್ಮ ಹುಷಾರಾಗಿದ್ದಾಳಾ?" ಅಪ್ಪನಿಂದ ಫೋನು ಬಂದರೆ ಅವಳಿಗೆ ಹೊಳೆಯುವುದು ಅದೊಂದೇ.

"ಹುಷಾರಾಗಿದ್ದಾಳೆ. ಇಲ್ಲೇ ಇದ್ದಾಳೆ, ಕೇಳಿಸ್ಕೊಳ್ತಿದ್ದಾಳೆ. ನೀನು ಚಿಕ್ಕವಳಿದ್ದಾಗ ನಾನು ಕೂಗಾಡ್ತಿದ್ದೆನಲ್ಲ." ಮೈಕಿನ ಮುಂದೆ ಇಂಥ ಒಣಗಿದ ದನಿ ಬಂದಿದ್ದರೆ ಮೇಡಂ ನಡುವೆಯೇ ನಿಲ್ಲಿಸಿ, ನೀರು ಕುಡಿದು ಬನ್ನಿ ಅನ್ನುತ್ತಿದ್ದಳು. "ಅದು ಪ್ರಾಕ್ಟೀಸ್ ಅಲ್ಲಮ್ಮ. ಅಮ್ಮನ ಮೇಲೆ ನಿಜವಾಗ್ಲೂ ಕೂಗಾಡ್ತಿದ್ದೆ. ತಟ್ಟೆ ಎಸೀತಿದ್ದೆ. ತಪ್ಪು ಮಾಡಿದೆ."

ಫೋನಿನ ಆ ಕಡೆ ನಲ್ಲಿಯ ಸದ್ದು ಕೇಳಿಸುತ್ತಿತ್ತು, ಅದು ನಿಂತಿತು.

"ನಂಗೆ ಗೊತ್ತಿತ್ತಪ್ಪಾ," ಅಂದಳು ಮಗಳು. "ಆಗಲೂ ಗೊತ್ತಿತ್ತು. ಅಮ್ಮ ಅಷ್ಟು ಕಷ್ಟಪಟ್ಟು ಹೇಳ್ತಿದ್ದಳಲ್ಲ, ನಂಬಲಿಲ್ಲ ಅಂದ್ರೆ ಅವಳು ಇನ್ನೂ ಅಳ್ತಾಳೆ ಅಂತ ನಂಬಿದ ಹಾಗೆ ಇದ್ದೆ."

ಹೆಂಡತಿ ಟವೆಲನ್ನು ಬಾಯಿಗೆ ಒತ್ತಿಕೊಂಡಳು. ಅವಳ ಬೆನ್ನಿನ ಮೇಲೆ ಕೈಯಿಡಬೇಕೆಂದು ಅವನಿಗೆ ತುಂಬ ಅನಿಸಿತು. ಇಡಲು ಧೈರ್ಯ ಸಾಲಲಿಲ್ಲ. ಕೈಯನ್ನು ಅವಳ ಪಕ್ಕದಲ್ಲಿ, ಸೋಫಾದ ಮೇಲೆ ಇಟ್ಟ. ಅವಳು ಈ ಸಲ ಸರಿದು ಕೂರಲಿಲ್ಲ.

"ಅಪ್ಪಾ, ಇದ್ದೀರಾ?"

"ಇದ್ದೀನಿ ಪುಟ್ಟಿ."

"ಇನ್ನೂ ಇದೆಯಲ್ಲಪ್ಪಾ ಹೇಳೋದು."

"ಇದೆ," ಅಂದ. "ಬಹಳ ಇದೆ."

"ಹೇಳಿ ಹಾಗಾದ್ರೆ. ನಾನು ಕೂತ್ಕೊಂಡೆ."