ಅಣ್ಣನ ಜಪ

"ಅದಲ್ಲ ಕಣೋ," ಎನ್ನುತ್ತ ಆರೋಗ್ಯಮ್ಮ ತನ್ನ ಹಣೆಯ ಮೇಲಿದ್ದ ಅವನ ಕೈಯನ್ನು ಸರಿಸಿದಳು.

ಫಾದರ್ ಇನ್ನಾಸಪ್ಪ ಪುಸ್ತಕದಿಂದ ತಲೆಯೆತ್ತಿದ. ಸಾಯುವವರಿಗೆ ಹಚ್ಚುವ ಪವಿತ್ರ ತೈಲ ಹಚ್ಚಿಯಾಗಿತ್ತು, ಪರಮಪ್ರಸಾದದ ತೆಳು ರೊಟ್ಟಿಯನ್ನು ನಾಲಗೆಯ ಮೇಲಿಟ್ಟಾಗಿತ್ತು. ಕನ್ನಡದ ಪ್ರಾರ್ಥನೆಯಲ್ಲಿ ಒಂದು ಸಾಲೂ ಬಿಟ್ಟಿರಲಿಲ್ಲ.

"ಇನ್ನೇನತ್ತೆ?"

"ನಮ್ಮಣ್ಣ ಹೇಳ್ತಿದ್ನಲ್ಲ, ಅದು."

ಅವಳ ಅಣ್ಣ ಎಂದರೆ ಇವನ ಅಪ್ಪ. ಪಾದ್ರಿಗಳು ಅಪರೂಪಕ್ಕೆ ಬರುತ್ತಿದ್ದ ಕಾಲದಲ್ಲಿ ಶ್ರೀನಿವಾಸಪುರದ ಸುತ್ತಿನ ಹಳ್ಳಿಗಳಿಗೆಲ್ಲ ಉಪದೇಶಿಯಾಗಿದ್ದವನು. ಸಾಯುವವರ ಕಿವಿಯಲ್ಲಿ ತೆಲುಗಿನ ಒಂದು ಜಪ ಹೇಳುತ್ತಿದ್ದ. ಯಾರಾದರೂ ಕಲಿಸಿದ್ದೋ, ತಾನೇ ಕಟ್ಟಿದ್ದೋ, ಯಾರಿಗೂ ತಿಳಿಯದು.

"ಬೆಳಗ್ಗೆಯಿಂದ ಇದೇ ಹಟ ಫಾದರ್," ಎಂದಳು ಸೊಸೆ ಸುನಂದ. "ನೀವ್ ಬಂದು ಹೇಳ್ತೀರ ಅಂತ ಕಾಯ್ತಾ ಅವ್ರೆ."

ಮೀಸೆ ಮೂಡುವ ಮುಂಚೆಯೇ ಪಾದ್ರಿಯಾಗಲು ಗುರುಮಠ ಸೇರಿದ್ದ ಇನ್ನಾಸಪ್ಪನಿಗೆ ಆ ಜಪದ ರಾಗ ಮಾತ್ರ ನೆನಪಿತ್ತು. ಈಗ ಬೆಂಗಳೂರಿನಲ್ಲಿ ಅವನು ಪಾಠ ಹೇಳುವುದೇ ಸಂಪ್ರದಾಯದ ಬಗ್ಗೆ. ಧರ್ಮಸಭೆ ನಂಬಿದ್ದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತದೆ, ದಾಟಿಸುತ್ತಲೇ ಬೆಳೆಯುತ್ತದೆ ಎಂದು ಮೊನ್ನೆ ತಾನೆ ಸೊಗಸಾಗಿ ಮಾತಾಡಿದ್ದ. ವಿದ್ಯಾರ್ಥಿಗಳು ಬರೆದುಕೊಂಡಿದ್ದರು.

"ಯಾವ ಭಾಷೆಯಾದ್ರೂ ದೇವರಿಗೆ ಒಂದೇ ಅತ್ತೆ."

"ದೇವ್ರಿಗೆ ಒಂದೇ ಕಣೋ. ನನಗೆ?"

ಏನಾದರೂ ಗುನುಗಿಬಿಡಬಹುದಿತ್ತು, ಅವಳಿಗೆ ಕಿವಿ ಮಂದ. ಆದರೆ ಆ ಜಪ ತನಗೂ ಬೇಕು ಎಂಬ ಆಸೆ ಹಸಿವಿನಂತೆ ಎದ್ದು ಅವನನ್ನು ತಡೆಯಿತು. ಮಂಚದ ಪಕ್ಕ ಮಂಡಿಯೂರಿದ.

"ನೀನೇ ಹೇಳ್ಕೊಡು. ನಿನ್ ಹಿಂದೆ ಹೇಳ್ತೀನಿ."

ಮುದುಕಿಯ ಮುಖ ಅರಳಿತು. "ತಂಡ್ರೀ..." ಎಂದಳು.

"ತಂಡ್ರೀ..."

ತಂದೆಯೇ ಎಂಬ ತೆಲುಗಿನ ಆ ಒಂದೇ ಕರೆಗೆ ಅಪ್ಪನ ದನಿ ತನ್ನ ಗಂಟಲಲ್ಲಿ ಹೊರಳಿದಂತಾಯಿತು. ಮುಂದಿನ ಪದಕ್ಕೆ ಕಾದ. ಅವಳ ತುಟಿ ಅಲುಗಿತು, ನಿಂತಿತು. ಹೊರಗೆ ಮಾವಿನ ಮಂಡಿಗೆ ಹೋಗುವ ಟೆಂಪೊ ಹಾರನ್ ಹೊಡೆಯಿತು.

"ಆಮೇಲೆ, ಅತ್ತೆ?"

"ನೀನ್ ಹೇಳೋ. ನೀನ್ ತಾನೆ ಓದಿರೋನು."

"ನನಗೆ ಬರಲ್ಲ."

ಕೇಳಿಸಿತೋ ಇಲ್ಲವೋ. ಆರೋಗ್ಯಮ್ಮ ಕಣ್ಣು ಮುಚ್ಚಿದಳು. ಹಳೆಯ ಕಾಲದವರು ಪರಮಪ್ರಸಾದಕ್ಕೆ ಕಾಯುತ್ತಿದ್ದಂತೆ ಗದ್ದವೆತ್ತಿ, ಬಾಯಿ ತೆರೆದು, ನಾಲಗೆ ಚಾಚಿದಳು.

"ಪ್ರಸಾದ ಆಗ್ಲೇ ಕೊಟ್ರಲ್ಲತ್ತೆ," ಎಂದಳು ಸುನಂದ.

ಬಾಯಿ ಮುಚ್ಚಲಿಲ್ಲ.

ಇನ್ನಾಸಪ್ಪನ ಕೈ ತಾನಾಗಿಯೇ ಮೇಲೆದ್ದಿತು. ಏನನ್ನೋ ಹಿಡಿದಂತೆ ಒತ್ತಿಕೊಂಡ ಎರಡು ಖಾಲಿ ಬೆರಳುಗಳು ಆ ಒಣ ನಾಲಗೆಯ ಮುಂದೆ ನಿಂತುಬಿಟ್ಟವು.